ಪ್ರೀತಿಸಿದವನೇ ಆರೈಕೆಯನ್ನೂ ಮಾಡಬೇಕಾ? ವೀಲ್‌ಚೇರ್ ಬಳಸುವ ಹುಡುಗನ ಜತೆ ಮನೆ ಮಾಡುವ ಮುಂಚೆ ಕೇಳಬೇಕಾದ ಮಾತು

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ನಾವಿಬ್ಬರೂ ಒಟ್ಟಿಗೆ ಮನೆ ಮಾಡಬೇಕು ಅಂತ ತೀರ್ಮಾನ ಮಾಡಿದ್ದೇವೆ. ನಾನು ಶಿವಮೊಗ್ಗದವನು, ಇಲ್ಲಿ ಕೆಲಸದಲ್ಲಿದ್ದೇನೆ. ಅವನು ತೀರ್ಥಹಳ್ಳಿ ಕಡೆಯವನು. ಕೆಲವು ವರ್ಷದ ಹಿಂದೆ ಮಳೆಗಾಲದಲ್ಲಿ ತೋಟಕ್ಕೆ ಕೊಳೆ ರೋಗದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದ್ದ. ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಹೊಕ್ಕುಳಿನಿಂದ ಕೆಳಗೆ ಮುಟ್ಟಿದ್ದು ಗೊತ್ತಾಗುವುದಿಲ್ಲ, ಕಾಲು ಆಡುವುದಿಲ್ಲ. ಡಾಕ್ಟರುಗಳು ಇದಕ್ಕೆ ಟಿ-10 ಅಂತಾರೆ, ಅಂದರೆ ಬೆನ್ನುಹುರಿಯ ಎದೆ ಭಾಗದಲ್ಲಿ ಮೇಲಿನಿಂದ ಎಣಿಸಿದರೆ ಹತ್ತನೇ ಮಟ್ಟದ ಪೆಟ್ಟು. ಕೈಗಳಲ್ಲಿ ಪೂರ್ತಿ ಬಲ ಇದೆ. ಮಂಚದಿಂದ ಕುರ್ಚಿಗೆ ತಾನೇ ಇಳಿಯುತ್ತಾನೆ.

ನಮ್ಮ ಪರಿಚಯ ಆಗಿದ್ದು ಒಂದು ಆ್ಯಪ್‌ನಲ್ಲಿ. ಅವನು ಎರಡನೇ ಮೆಸೇಜಿನಲ್ಲೇ ಬರೆದಿದ್ದ: "ನಾನು ವೀಲ್‌ಚೇರ್ ಬಳಸ್ತೀನಿ. ಆಗಲ್ಲ ಅಂದ್ರೆ ಈಗ್ಲೇ ಹೇಳಿ, ಆಮೇಲೆ ಮಾಯ ಆಗ್ಬೇಡಿ." ನಾನು ಮಾಯ ಆಗಲಿಲ್ಲ. ಅವನ ಮಾತು ಕೇಳ್ತಾ ಕೂತರೆ ನನಗೆ ಹೊತ್ತು ಹೋಗಿದ್ದೇ ಗೊತ್ತಾಗುವುದಿಲ್ಲ.

ಈಗ ಜಗಳ ಶುರುವಾಗಿದೆ. ಅವನು ಪ್ರತಿ 4-5 ಗಂಟೆಗೊಮ್ಮೆ ನಳಿಗೆ ಹಾಕಿ ಮೂತ್ರ ತೆಗೆಯಬೇಕು. ಬೆಳಿಗ್ಗೆ ಕಕ್ಕಸಿನ ಕೆಲಸಕ್ಕೆ ಮುಕ್ಕಾಲು ಗಂಟೆ ಬೇಕು, ಅದಕ್ಕೆ ಇನ್ನೊಬ್ಬರ ಸಹಾಯ ಬೇಕು. ಊರಿನಲ್ಲಿ ಅವನ ಅಮ್ಮ ನೋಡಿಕೊಳ್ಳುತ್ತಾರೆ. ಇಲ್ಲಿಗೆ ಬಂದ ಮೇಲೆ ಇದನ್ನೆಲ್ಲ ನಾನೇ ಕಲಿತು ಮಾಡುತ್ತೇನೆ ಅಂದೆ. ಅವನು ಬೇಡವೇ ಬೇಡ ಅಂತಾನೆ. "ನೀನು ಇದನ್ನ ಮಾಡಿದ್ರೆ ನನ್ನ ಮುಟ್ಟೋವಾಗೆಲ್ಲ ನಿಂಗೆ ಅದೇ ನೆನಪಾಗತ್ತೆ" ಅಂತಾನೆ. ಪ್ರೀತಿಸಿದವನಿಗೆ ಇಷ್ಟೂ ಮಾಡದಿದ್ದರೆ ಹೇಗೆ ಅಂತ ನನ್ನ ಹಟ.

ಇನ್ನೊಂದು ವಿಷಯ, ಅವನ ಅಮ್ಮ. ನಾನು ಹೋದಾಗೆಲ್ಲ ಕೈ ಹಿಡಿದುಕೊಂಡು "ಎಂಥಾ ಪುಣ್ಯದ ಕೆಲಸ ಮಾಡ್ತೀಯಪ್ಪಾ" ಅಂತಾರೆ. ನಾವಿಬ್ಬರೂ ಏನು ಅನ್ನೋದು ಅವರಿಗೆ ಗೊತ್ತಿಲ್ಲ. ನಾಳೆ ಅವನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ ನಾನು ಯಾರು ಅಂತ ಹೇಳಲಿ? ಇಂಥ ಬದುಕು ಬದುಕುತ್ತಿರುವವರು ದಯವಿಟ್ಟು ಬರೆಯಿರಿ.

ಕುರ್ಚಿಸವಾರ_ಹುಬ್ಬಳ್ಳಿ

ತಮ್ಮಾ, ಮೊದಲು ಒಂದು ಮಾತು. ಅವನು ಬೇಡ ಅಂದಿದ್ದಾನೆ. ಅದು ಅವನ ಮೈ. ಅಲ್ಲಿಗೆ ಆ ಚರ್ಚೆ ಮುಗಿಯಬೇಕು.

ನನ್ನದು ಟಿ-4, ನಿಮ್ಮವನಿಗಿಂತ ಮೇಲಿನ ಪೆಟ್ಟು. ನನ್ನ ಸಂಗಾತಿ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಶುರುವಿನಲ್ಲಿ ಅವರೂ ಎಲ್ಲ ನಾನೇ ಮಾಡ್ತೀನಿ ಅಂತ ನಿಂತರು. ಸ್ನಾನ, ನಳಿಗೆ, ಕಕ್ಕಸು, ಬಟ್ಟೆ ಎಲ್ಲ. ಒಂದು ವರ್ಷದೊಳಗೆ ನಮ್ಮಿಬ್ಬರ ನಡುವೆ ಮಾತು ಅಂದರೆ ಬರೀ ಮೈಯ ಲೆಕ್ಕ ಆಗಿಬಿಟ್ಟಿತ್ತು. ಮೂತ್ರ ಆಯ್ತಾ, ಎಷ್ಟು ಆಯ್ತು, ಬಣ್ಣ ಹೇಗಿದೆ, ಮಗ್ಗುಲು ಬದಲಾಯಿಸಿದ್ಯಾ. ಒಂದು ರಾತ್ರಿ ಅವರು ಪಕ್ಕದಲ್ಲಿ ಮಲಗಿ ನನ್ನ ಬೆನ್ನು ಸವರುತ್ತಿದ್ದರು. ಅದು ಪ್ರೀತಿಯಿಂದ ಸವರಿದ್ದೋ, ಹುಣ್ಣು ಆಗಿದೆಯಾ ಅಂತ ನೋಡಿದ್ದೋ ನನಗೆ ತಿಳಿಯಲಿಲ್ಲ. ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಮಾರನೇ ವಾರ, ದಿನಾ ಬೆಳಿಗ್ಗೆ ಎರಡು ತಾಸು ಬಂದು ಹೋಗುವ ಒಬ್ಬ ಅಟೆಂಡರನ್ನು ಹುಡುಕಿಕೊಂಡೆವು. ನನ್ನ ಸಂಬಳದಲ್ಲಿ ದೊಡ್ಡ ಪಾಲು ಅವರಿಗೇ ಹೋಗುತ್ತದೆ. ಹೋಗಲಿ. ಬೆಳಿಗ್ಗೆಯ ಕೆಲಸ ಮುಗಿದು ನಾನು ಶರ್ಟು ಹಾಕಿಕೊಂಡು ಕುರ್ಚಿಯಲ್ಲಿ ಕೂತ ಮೇಲೆ ನನ್ನವರು ಚಹಾ ತಗೊಂಡು ಬರುತ್ತಾರೆ. ಆ ಹೊತ್ತಿಗೆ ನಾನು ಗಂಡಸು, ಅವರಿಗೆ ಬೇಕಾದ ಮನುಷ್ಯ.

ಹಾಗಂತ ನೀವು ಏನೂ ಕಲಿಯಬಾರದು ಅಂತಲ್ಲ. ಅಟೆಂಡರ್ ಬಾರದ ದಿನ ಇರುತ್ತದೆ, ಹಬ್ಬ ಇರುತ್ತದೆ, ಜ್ವರ ಬರುತ್ತದೆ. ಎಲ್ಲವೂ ನಿಮಗೆ ಗೊತ್ತಿರಲಿ. ದಿನನಿತ್ಯದ ಡ್ಯೂಟಿ ಮಾತ್ರ ಬೇರೆಯವರದ್ದಾಗಿರಲಿ. ಟಿ-10 ಇದ್ದು ಕೈ ಚೆನ್ನಾಗಿದ್ದರೆ ನಳಿಗೆ ಅವನೇ ಹಾಕಿಕೊಳ್ಳಬಹುದು. ಸರಿಯಾದ ಕಮೋಡ್ ಕುರ್ಚಿ ಸಿಕ್ಕು ಅಭ್ಯಾಸ ಆದರೆ ಬೆಳಗಿನ ಕೆಲಸವನ್ನೂ ಬಹಳ ಜನ ತಾವೇ ಮಾಡಿಕೊಳ್ಳುತ್ತಾರೆ. ಅಮ್ಮ ಮಾಡುತ್ತಿದ್ದಾರೆ ಅಂದ ಮಾತ್ರಕ್ಕೆ ಅವನಿಗೆ ಬರುವುದಿಲ್ಲ ಅಂತ ತಿಳಿಯಬೇಡಿ.

ಮನೆ ನೋಡುವಾಗ ಬಾಡಿಗೆ ಕೇಳುವ ಮುಂಚೆ ಬಾತ್‌ರೂಮಿನ ಬಾಗಿಲು ಅಳೆಯಿರಿ. ಕುರ್ಚಿಯ ಅಗಲ ಸಾಮಾನ್ಯವಾಗಿ 24ರಿಂದ 26 ಇಂಚು. ಚೌಕಟ್ಟು ಕಳೆದು ಒಳಗೆ ಎಷ್ಟು ಉಳಿಯುತ್ತದೆ ಅನ್ನೋದೇ ಮುಖ್ಯ. ಗ್ರೌಂಡ್ ಫ್ಲೋರ್ ಅಂತ ಹೇಳಿ ಮುಂದೆ ಮೂರು ಮೆಟ್ಟಿಲು ಇಟ್ಟಿರುತ್ತಾರೆ. ಇಳಿಜಾರು ಹಾಕಿಸುವುದಾದರೆ ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು. ಅಷ್ಟು ಜಾಗ ಬೆಂಗಳೂರಿನ ಸೈಟುಗಳಲ್ಲಿ ಎಲ್ಲಿ ಸಿಗುತ್ತದೆ?

ಮಲೆನಾಡ_ಹುಡುಗ

ತುಂಗಾತೀರ ಅವರೇ, ಓದಿ ಕಣ್ಣು ತುಂಬಿ ಬಂತು. ಈ ಕಾಲದಲ್ಲಿ ಇಂಥ ತ್ಯಾಗ ಮಾಡುವವರು ಎಷ್ಟು ಜನ ಇದ್ದಾರೆ? ನಿಮ್ಮಂಥವರು ದೇವರ ಸಮಾನ.

ಕುರ್ಚಿಸವಾರ_ಹುಬ್ಬಳ್ಳಿ

ಮಲೆನಾಡ ಹುಡುಗ, ಒಳ್ಳೆ ಮನಸ್ಸಿನಿಂದ ಹೇಳಿದ್ದೀರಿ, ಅದು ಗೊತ್ತಾಗುತ್ತದೆ. ಆದರೂ ಈ ಮಾತು ನನ್ನನ್ನು ನೋಯಿಸುತ್ತದೆ. ಅವರು ದೇವರಾದರೆ ಕುರ್ಚಿಯಲ್ಲಿ ಕೂತವನು ಏನು? ಹರಕೆಯಾ? ನನ್ನ ಸಂಗಾತಿಯನ್ನು ಎಲ್ಲರೂ ಹೊಗಳುತ್ತಾರೆ. ಅವರಿಗೆ ನಾನು ಸಿಕ್ಕಿದ್ದು ಅದೃಷ್ಟ ಅಂತ ಇದುವರೆಗೆ ಒಬ್ಬರೂ ಹೇಳಿಲ್ಲ. ಅವರ ತಂದೆ ತೀರಿಕೊಂಡಾಗ ತಿಂಗಳುಗಟ್ಟಲೆ ನಿದ್ದೆ ಇಲ್ಲದೆ ಇದ್ದರು. ಆಗ ರಾತ್ರಿಯೆಲ್ಲ ಜತೆಗೆ ಎದ್ದು ಕೂತವನು ನಾನು. ಮನೆಯ ಲೋನು ಕಟ್ಟುತ್ತಿರುವವನೂ ನಾನೇ.

ಮಲೆನಾಡ_ಹುಡುಗ

ಅರ್ಥವಾಯಿತು ಅಣ್ಣ. ನಾನು ಆ ದಿಕ್ಕಿನಿಂದ ಯೋಚಿಸಿರಲಿಲ್ಲ. ಬೇಜಾರು ಮಾಡಿಕೊಳ್ಳದಿದ್ದರೆ ಇನ್ನೊಂದು ಕೇಳಲಾ? ಸ್ಪರ್ಶವೇ ಗೊತ್ತಾಗದಿದ್ದರೆ ದೇಹ ಸಂಬಂಧ ಹೇಗೆ? ನನ್ನ ಗೆಳೆಯನೊಬ್ಬನಿಗೆ ಇದೇ ಥರ ಆಗಿದೆ. ಅವನು ಯಾರನ್ನೂ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ.

ಸಂಜೆಮಲ್ಲಿಗೆ

ಇದಕ್ಕೆ ನಾನು ಉತ್ತರಿಸುತ್ತೇನೆ. ನಾನು ಫಿಸಿಯೋಥೆರಪಿಸ್ಟ್, ಬೆನ್ನುಹುರಿ ಪೆಟ್ಟಾದವರ ಜತೆ ಬಹಳ ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಈ ಪ್ರಶ್ನೆಯನ್ನು ಗಂಡಸರು ಕೊನೆಗೆ, ಬಾಗಿಲ ಹತ್ತಿರ ಹೋಗಿ, ತಿರುಗಿ ನಿಂತು ಕೇಳುತ್ತಾರೆ. ಮದುವೆಯಾದವರಿಗೆ "ಮಕ್ಕಳಾಗುತ್ತೆ, ಚಿಂತೆ ಬೇಡ" ಅಂತ ಡಾಕ್ಟರು ಒಂದು ಮಾತು ಹೇಳಿ ಕಳಿಸುತ್ತಾರೆ. ಮದುವೆಯಾಗದ ಹುಡುಗರಿಗೆ ಆ ಮಾತೂ ಇಲ್ಲ. ಇನ್ನು ಗೇ ಹುಡುಗನಾದರೆ ಬಾಯಿಯೇ ಬಿಡುವುದಿಲ್ಲ.

ವಿಷಯ ಹೀಗಿದೆ. ನಿಮಿರುವಿಕೆಗೆ ದಾರಿ ಎರಡು. ಒಂದು ಮನಸ್ಸಿನಿಂದ ಬರುವುದು, ನೋಡಿ, ಕೇಳಿ, ನೆನೆದು. ಇನ್ನೊಂದು ನೇರ ಮುಟ್ಟಿದ್ದರಿಂದ ಬರುವುದು, ಅದನ್ನು ಬೆನ್ನುಹುರಿಯ ತುದಿಯ ಭಾಗ ತಾನೇ ನಡೆಸುತ್ತದೆ. ಪೆಟ್ಟು ಮೇಲ್ಭಾಗದಲ್ಲಿದ್ದರೆ ಎರಡನೆಯದು ಬಹಳ ಜನರಲ್ಲಿ ಉಳಿದಿರುತ್ತದೆ. ಅವರಿಗೆ ಗೊತ್ತಾಗದೆ ಆಗುತ್ತಿರುತ್ತದೆ ಅಷ್ಟೇ. ಮಾತ್ರೆಗಳೂ ಇವೆ, ಆದರೆ ಡಾಕ್ಟರನ್ನು ಕೇಳದೆ ಬೇಡ. ನೈಟ್ರೇಟ್ ಔಷಧಿ ತೆಗೆದುಕೊಳ್ಳುವವರು ಸಿಲ್ಡೆನಾಫಿಲ್ ನುಂಗಿದರೆ ಬಿಪಿ ಕುಸಿದು ಜೀವಕ್ಕೇ ಅಪಾಯ.

ಸುಖ ಅಂದರೆ ಅಷ್ಟೇ ಜಾಗದಲ್ಲಿ ಇರುವುದೂ ಅಲ್ಲ. ಸ್ಪರ್ಶ ನಿಲ್ಲುವ ಗೆರೆಯ ಮೇಲಿನ ಚರ್ಮ ಕೆಲವರಲ್ಲಿ ತುಂಬಾ ಸೂಕ್ಷ್ಮ ಆಗುತ್ತದೆ. ಕುತ್ತಿಗೆ, ಕಿವಿ, ಎದೆ, ಕಂಕುಳ ಹತ್ತಿರ. ಆ ಗೆರೆ ಎಲ್ಲಿದೆ ಅಂತ ಇಬ್ಬರೂ ಸೇರಿ ಬೆರಳಿನಿಂದ ಹುಡುಕಿ ಅಂತ ನಾನು ಹೇಳುತ್ತೇನೆ. ಆತುರ ಬೇಡ. ಮುಂಚೆ ಮೂತ್ರಕೋಶ ಖಾಲಿ ಮಾಡಿಕೊಳ್ಳಿ. ಕಾಲು ಸೆಟೆದುಕೊಂಡು ಅದುರಿದರೆ ಹೆದರಬೇಡಿ, ಒಂದೆರಡು ನಿಮಿಷ ನಿಲ್ಲಿಸಿ, ದಿಂಬು ಕೊಟ್ಟು ಮಡಚಿ ಇಡಿ. ಆಮೇಲೆ ಸೊಂಟ, ಹಿಮ್ಮಡಿ, ಕುಂಡಿಯ ಚರ್ಮ ನೋಡಿ. ಎಲ್ಲಾದರೂ ಕೆಂಪಾಗಿ, ಒತ್ತಿದರೂ ಕೆಂಪು ಹೋಗದಿದ್ದರೆ ಆ ಜಾಗಕ್ಕೆ ಭಾರ ಬೀಳದ ಹಾಗೆ ನೋಡಿಕೊಳ್ಳಿ. ಕಾಂಡೋಮ್ ಮಾತು ಎಲ್ಲರಿಗೂ ಒಂದೇ. ಅರಿವಿಲ್ಲದ ಜಾಗದಲ್ಲಿ ಗಾಯವಾದರೆ ನೋವು ಎಚ್ಚರಿಸುವುದಿಲ್ಲ, ಅದಕ್ಕೆ ಜೆಲ್ ಜಾಸ್ತಿ ಬಳಸಿ.

ಕುರ್ಚಿಸವಾರ ಅವರ ಹಾಗೆ ಟಿ-6 ಅಥವಾ ಅದರ ಮೇಲೆ ಪೆಟ್ಟಾದವರಿಗೆ ಇನ್ನೊಂದು ಎಚ್ಚರ. ಏಕಾಏಕಿ ತಲೆ ಸಿಡಿಯುವ ನೋವು, ಮುಖ ಕೆಂಪಾಗಿ ಬೆವರು ಬಂದರೆ ಅದು ಬಿಪಿ ಏರಿದ ಲಕ್ಷಣ. ಎಲ್ಲ ನಿಲ್ಲಿಸಿ. ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿಕೊಂಡಿದೆಯಾ ನೋಡಿ. ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಹೊರಡಿ.

ನಿಮ್ಮ ಗೆಳೆಯನಿಗೆ ಅವನಂಥವರನ್ನೇ ಭೇಟಿ ಮಾಡಿಸಿ. ಬೆಂಗಳೂರಿನ ಲಿಂಗರಾಜಪುರದಲ್ಲಿ 1959ರಿಂದ ಇರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿಯಲ್ಲಿ ಬೆನ್ನುಹುರಿ ಪೆಟ್ಟಾದವರಿಗೆ ತರಬೇತಿ ಕೊಡುತ್ತಾರೆ. ಕುರ್ಚಿಯಲ್ಲಿ ಕೂತು ಬದುಕು ನಡೆಸುತ್ತಿರುವವರನ್ನು ಕಣ್ಣಾರೆ ನೋಡಿದರೆ ಆಗುವ ಧೈರ್ಯ ನನ್ನಂಥವರ ಮಾತಿನಿಂದ ಆಗುವುದಿಲ್ಲ.

ಕೈಮಾತು_ಮೈಸೂರು

ನಾನು ಹುಟ್ಟು ಕಿವುಡ. ಸನ್ನೆ ಭಾಷೆ ನನ್ನ ಭಾಷೆ, ಕನ್ನಡ ಓದಿ ಬರೆದು ಕಲಿತಿದ್ದು. ಬರಹದಲ್ಲಿ ತಪ್ಪಿದ್ದರೆ ಹೊಂದಿಸಿಕೊಳ್ಳಿ. ಅಂಗವೈಕಲ್ಯ ಅಂದರೆ ಎಲ್ಲರಿಗೂ ವೀಲ್‌ಚೇರ್ ಒಂದೇ ನೆನಪಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಇವೆ.

ನನ್ನ ಹುಡುಗನಿಗೆ ಕಿವಿ ಕೇಳುತ್ತದೆ. ನನಗೋಸ್ಕರ ಸನ್ನೆ ಕಲಿತ. ಶುರುವಿನಲ್ಲಿ ನಾವು ಜಗಳ ಆಡಿದ್ದು ಲೈಟಿನ ವಿಷಯಕ್ಕೆ. ರಾತ್ರಿ ಅವನಿಗೆ ಕತ್ತಲು ಬೇಕು. ಕತ್ತಲಾದರೆ ನನಗೆ ಮಾತೇ ಇಲ್ಲ. ಅವನ ಮುಖ ಕಾಣಲ್ಲ, ಕೈ ಕಾಣಲ್ಲ, ಅವನು ಏನು ಹೇಳ್ತಿದ್ದಾನೆ ತಿಳಿಯಲ್ಲ. ಈಗ ಒಂದು ಸಣ್ಣ ಹಳದಿ ಬಲ್ಬು ರಾತ್ರಿ ಪೂರ್ತಿ ಉರಿಯುತ್ತದೆ. ಕರೆಂಟು ಹೋದರೆ ಅವನು ನನ್ನ ಅಂಗೈ ಒಳಗೆ ಕೈ ಇಟ್ಟು ಸನ್ನೆ ಮಾಡುತ್ತಾನೆ, ನಾನು ಮುಟ್ಟಿ ಓದುತ್ತೇನೆ.

ನನ್ನ ದೊಡ್ಡ ಕಷ್ಟ ಡಾಕ್ಟರ ಹತ್ತಿರ ಹೋಗುವುದು. ಎಚ್‌ಐವಿ ಟೆಸ್ಟಿಗೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಕೌನ್ಸೆಲರ್ ಬಾಯಲ್ಲಿ ಮಾತಾಡ್ತಾರೆ. ಇಂಟರ್‌ಪ್ರಿಟರ್ ಕರೆದುಕೊಂಡು ಹೋಗಬೇಕು. ನಮ್ಮ ಊರಿನಲ್ಲಿ ಇಂಟರ್‌ಪ್ರಿಟರ್‌ಗಳು ಕೆಲವೇ ಜನ. ಅವರು ನಮ್ಮ ಅಪ್ಪ ಅಮ್ಮನಿಗೂ ಗೊತ್ತು, ಕಿವುಡರ ಸಂಘಕ್ಕೂ ಬರುತ್ತಾರೆ. ಅವರ ಮುಂದೆ ನಾನು ಗಂಡಸಿನ ಜತೆ ಮಲಗುತ್ತೇನೆ ಅಂತ ಹೇಗೆ ಹೇಳಲಿ? ನನ್ನ ಹುಡುಗನನ್ನೇ ಕರೆದುಕೊಂಡು ಹೋದರೆ ನನ್ನ ಮಾತು ಅವನ ಬಾಯಲ್ಲಿ ಬರುತ್ತದೆ. ಅವನಿಗೆ ಹೇಳದೆ ಇರುವ ವಿಷಯ ನನಗೂ ಇರಬಹುದು ಅಲ್ವಾ? ಅದಕ್ಕೆ ನಾನು ಪೇಪರಿನಲ್ಲಿ ಬರೆದುಕೊಂಡು ಹೋಗುತ್ತೇನೆ. ಕೌನ್ಸೆಲರ್ ಮೇಡಂ ತಾವೂ ಬರೆದು ಉತ್ತರ ಕೊಟ್ಟರು. ನಿಧಾನ, ಆದರೆ ನಮ್ಮಿಬ್ಬರ ನಡುವೆ ಮಾತ್ರ.

ತುಂಗಾತೀರ, ನಿಮ್ಮ ಹುಡುಗ ಹೇಳುತ್ತಿರುವುದು ಇದೇ ಅಂತ ನನಗೆ ಅನಿಸುತ್ತದೆ. ಎಲ್ಲವೂ ನಿಮ್ಮ ಕೈಯಿಂದಲೇ ಹಾದು ಹೋದರೆ ಅವನಿಗೆ ಅಂತ ಏನೂ ಉಳಿಯಲ್ಲ.

ಅಕ್ಕ_ಧಾರವಾಡ

ನಾನು ಮನೆಯವರ ಕಡೆಯಿಂದ ಬರೆಯುತ್ತೇನೆ. ನನ್ನ ತಮ್ಮನಿಗೆ ಸೆರೆಬ್ರಲ್ ಪಾಲ್ಸಿ. ನಡೆಯುವುದು ಕಷ್ಟ, ಮಾತು ಬಹಳ ಸಾವಕಾಶ, ಹೊಸಬರಿಗೆ ತಿಳಿಯುವುದಿಲ್ಲ. ಬುದ್ಧಿ ಚುರುಕು, ಡಿಗ್ರಿ ಮಾಡಿದ್ದಾನೆ. ಅವನು ಒಬ್ಬ ಹುಡುಗನನ್ನು ಪ್ರೀತಿಸುತ್ತೇನೆ ಅಂದಾಗ ನಮ್ಮಮ್ಮ "ಅವಂಗೆ ಏನ್ ತಿಳೀತದ, ಯಾರೋ ತಲಿ ಕೆಡ್ಸ್ಯಾರ" ಅಂದಳು. ಹುಡುಗಿಯನ್ನು ಪ್ರೀತಿಸಿದ್ದರೂ ಹಾಗೇ ಅನ್ನುತ್ತಿದ್ದಳು. ಅವನಿಗೆ ಆಸೆ ಅಂತ ಒಂದು ಇರಬಹುದು ಅನ್ನೋದನ್ನೇ ನಮ್ಮ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ. ನಲವತ್ತಾದರೂ ಅವನನ್ನು "ಪಾಪು" ಅಂತಲೇ ಕರೆಯುತ್ತಿದ್ದರು.

ಅಮ್ಮನ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಪ್ರೀತಿ ಅಂತ ಬಂದು ಪಿಂಚಣಿ ದುಡ್ಡು ಎತ್ತಿಕೊಂಡು ಹೋದವರಿದ್ದಾರೆ. ಹೊಡೆಯುವವರಿದ್ದಾರೆ. ಕುರ್ಚಿಯನ್ನು ಕೈಗೆ ಸಿಗದ ಹಾಗೆ ದೂರ ಇಟ್ಟು ಹೆದರಿಸುವವರಿದ್ದಾರೆ. ಗೇ ಹುಡುಗನಾದರೆ "ನಿಮ್ಮ ಮನೆಯವರಿಗೆ ಹೇಳಿಬಿಡ್ತೀನಿ" ಅನ್ನುವ ಇನ್ನೊಂದು ಅಸ್ತ್ರ. ಅದಕ್ಕೆ ನಾನು ತಮ್ಮನಿಗೆ ಹೇಳಿದೆ: ಯಾರ ಜತೆ ಬೇಕಾದರೂ ಇರು, ನಿನ್ನ ಫೋನು ನಿನ್ನದು, ನಿನ್ನ ಎಟಿಎಂ ಪಿನ್ ನಿನ್ನದು, ವಾರಕ್ಕೊಮ್ಮೆ ನಂಗೆ ನೀನೇ ಫೋನ್ ಮಾಡ್ಬೇಕು. ಆ ಹುಡುಗ ಇದಕ್ಕೆ ಒಂದು ಚೂರೂ ಮುಖ ಸಿಂಡರಿಸಲಿಲ್ಲ. ಅಲ್ಲಿಗೆ ನನ್ನ ಅರ್ಧ ಹೆದರಿಕೆ ಹೋಯಿತು.

ತುಂಗಾತೀರ, ನಿಮ್ಮ ಮನೆಯಲ್ಲೂ ಹೀಗೇ ಇರಲಿ. ನಿಮ್ಮ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಅವನಿಗೆ ನಿಮ್ಮನ್ನು ಬಿಟ್ಟು ಹೋಗುವ ದಾರಿ ತೆರೆದಿದ್ದು, ಆದರೂ ನಿಮ್ಮ ಜತೆ ಇದ್ದಾನೆ ಅಂದರೆ ಅದರ ತೂಕ ಬೇರೆ.

ಲಾಪಾಯಿಂಟ್

ಆಸ್ಪತ್ರೆಯ ಪ್ರಶ್ನೆಗೆ ಬರುತ್ತೇನೆ. ವಕೀಲ ನಾನು, ಇಂಥ ಜೋಡಿಗಳ ಕಾಗದಪತ್ರ ಮಾಡಿಕೊಟ್ಟಿದ್ದೇನೆ.

2018ರ ಸೆಪ್ಟೆಂಬರ್ 6ರಂದು, ಸಲಿಂಗ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ 377ನೇ ಕಲಮಿನ ಭಯ ಹೋಯಿತು. 2023ರ ಅಕ್ಟೋಬರ್ 17ರಂದು ಸುಪ್ರಿಯೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಇದರ ಅರ್ಥ, ಕಾನೂನಿನ ಕಣ್ಣಿಗೆ ನೀವಿಬ್ಬರೂ ಯಾರಿಗೆ ಯಾರೂ ಅಲ್ಲ. ಎಲ್ಲರಿಗೂ ಈ ಕಷ್ಟ ಇದೆ, ಆದರೆ ಆಗಾಗ ಆಸ್ಪತ್ರೆಗೆ ಹೋಗಬೇಕಾದವರಿಗೆ ಇದು ನೇರ ಮೈಗೇ ತಾಗುತ್ತದೆ.

ಒಂದು ವಿಷಯ ನೋಡಿ. ವಿಕಲಚೇತನರನ್ನು ಮದುವೆಯಾಗುವ ಸಾಮಾನ್ಯ ವ್ಯಕ್ತಿಗೆ ಕರ್ನಾಟಕ ಸರ್ಕಾರ 50,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಯಾರಾದರೂ ಇವರ ಕೈ ಹಿಡಿಯಲಿ ಅಂತ ದುಡ್ಡು ಇಟ್ಟಿದ್ದಾರೆ. ಇಲ್ಲಿ ಒಬ್ಬ ಕೈ ಹಿಡಿದುಕೊಂಡೇ ನಿಂತಿದ್ದಾನೆ, ಅವನಿಗೆ ಬಾಗಿಲು ಮುಚ್ಚಿದೆ. ದುಡ್ಡಿನ ಮಾತಲ್ಲ. ಆ ಸಂಬಂಧ ಇದೆ ಅಂತ ಬರೆದುಕೊಳ್ಳುವ ಒಂದು ರಿಜಿಸ್ಟರೂ ಇಲ್ಲವಲ್ಲ ಅನ್ನೋದು ನನ್ನ ಸಂಕಟ.

ಈಗ ಏನು ಮಾಡಬಹುದು? ಪ್ರಜ್ಞೆ ಇರುವ ವಯಸ್ಕನ ಚಿಕಿತ್ಸೆಗೆ ಅವನ ಒಪ್ಪಿಗೆಯೇ ಒಪ್ಪಿಗೆ. 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯ ಒಪ್ಪಿಗೆ ಪಡೆದು ಮಾಡಿದ ಆಪರೇಷನ್ನನ್ನು ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಕೌಂಟರಿನಲ್ಲಿ "ಮನೆಯವರು ಯಾರಾದ್ರೂ ಬನ್ನಿ" ಅಂದರೆ ಅವನೇ ಪೆನ್ನು ಕೇಳಿ ಸಹಿ ಹಾಕಲಿ. ಕುರ್ಚಿಯಲ್ಲಿ ಕೂತವನ ಜತೆ ಮಾತಾಡದೆ ಹಿಂದೆ ನಿಂತವನನ್ನು ಕೇಳುವ ಚಾಳಿ ಎಲ್ಲ ಕಡೆ ಇದೆ. ಅಂಥ ಹೊತ್ತಿನಲ್ಲಿ ತುಂಗಾತೀರ, ನೀವು ಸುಮ್ನೆ ಇರಿ. ಅವನು ಉತ್ತರಿಸಲಿ.

ಪ್ರಜ್ಞೆ ಇಲ್ಲದ ಹೊತ್ತಿಗೆ ಅಂತ, "ನನ್ನ ಪರವಾಗಿ ಇವರು ಮಾತಾಡಬೇಕು" ಎಂಬ ಪತ್ರ ಬರೆದು ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಆಸ್ಪತ್ರೆಯವರು ಅದನ್ನು ಒಪ್ಪಲೇಬೇಕು ಎಂಬ ಕಾನೂನು ಇಲ್ಲ. ಆದರೂ ಕೈಯಲ್ಲಿ ಕಾಗದ ಹಿಡಿದು ನಿಂತವನಿಗೂ ಬರಿಗೈಲಿ ನಿಂತವನಿಗೂ ವ್ಯತ್ಯಾಸ ಇದೆ. ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಮಾತ್ರ ಗಟ್ಟಿ ಕಾನೂನೇ ಇದೆ. 2017ರ ಕಾಯ್ದೆಯ 14ನೇ ಕಲಮಿನಂತೆ ಯಾವ ವಯಸ್ಕನನ್ನಾದರೂ ನಾಮನಿರ್ದೇಶಿತ ಪ್ರತಿನಿಧಿ ಮಾಡಿಕೊಳ್ಳಬಹುದು, ರಕ್ತ ಸಂಬಂಧ ಬೇಕಿಲ್ಲ. ಕೊನೆಗಾಲದ ಚಿಕಿತ್ಸೆಗೆ ಲಿವಿಂಗ್ ವಿಲ್ ಇದೆ, ಅಂದರೆ ಆಗ ಎಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡುವ ಪತ್ರ. 2023ರಲ್ಲಿ ಸುಪ್ರೀಂ ಕೋರ್ಟು ಅದರ ನಿಯಮ ಸುಲಭ ಮಾಡಿತು. ಇಬ್ಬರು ಸಾಕ್ಷಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಆದೇಶ ಹೊರಡಿಸಿದೆ.

ದುಡ್ಡಿನ ವಿಷಯ. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ ಹಣಕಾಸು ಸಚಿವಾಲಯ 2024ರ ಆಗಸ್ಟ್ 28ರಂದು ಸ್ಪಷ್ಟ ಮಾಡಿದೆ. ಆದರೆ ನಾಮಿನಿ ಅಂದರೆ ವಾರಸುದಾರ ಅಲ್ಲ. ಬರೀ ನಾಮಿನಿ ಮಾಡಿ ನೆಮ್ಮದಿಯಾಗಿದ್ದರೆ ಕೊನೆಗೆ ಆ ದುಡ್ಡು ಅಣ್ಣತಮ್ಮಂದಿರಿಗೆ ಹೋಗಬಹುದು. ವಿಲ್ ಬರೆಯಿರಿ, ರಿಜಿಸ್ಟರ್ ಮಾಡಿಸಿ.

ಮನೆಯವರು "ನಾವು ಇವನ ಗಾರ್ಡಿಯನ್, ಕರ್ಕೊಂಡು ಹೋಗ್ತೀವಿ" ಅಂದರೆ ಹೆದರಬೇಡಿ. 18 ತುಂಬಿದವನು ಕಾಲು ಆಡುವುದಿಲ್ಲ ಅಂದ ಮಾತ್ರಕ್ಕೆ ಯಾರ ಸುಪರ್ದಿಗೂ ಬರುವುದಿಲ್ಲ. 2025ರ ಮೇ ತಿಂಗಳಲ್ಲಿ ಮದ್ರಾಸ್ ಹೈಕೋರ್ಟು, ಮನೆಯವರು ಕೂಡಿಹಾಕಿದ್ದ ಒಬ್ಬ ಯುವತಿಯನ್ನು ಅವಳ ಇಷ್ಟದಂತೆ ಸಂಗಾತಿಯ ಜತೆ ಕಳಿಸುವಾಗ, ತಾವೇ ಆರಿಸಿಕೊಂಡವರೂ ಕುಟುಂಬವೇ ಅಂತ ಹೇಳಿತು.

ಜರ್ಸಿಕನ್ನಡಿಗ

ನ್ಯೂಜೆರ್ಸಿಯಿಂದ ಒಂದು ಮಾತು. ಇಲ್ಲಿ ಮದುವೆಗೆ ಅಡ್ಡಿ ಇಲ್ಲ, 2015ರಿಂದ ಇಡೀ ದೇಶದಲ್ಲಿ ಆಗಬಹುದು. ಆದರೂ ನಾನು ಮತ್ತು ನನ್ನ ಸಂಗಾತಿ ಮದುವೆಯಾಗಿಲ್ಲ. ಅವರಿಗೆ ಸ್ನಾಯು ಕ್ಷಯದ ಕಾಯಿಲೆ. ಎಸ್‌ಎಸ್‌ಐ ಅನ್ನುವ ಸರ್ಕಾರಿ ನೆರವಿನಲ್ಲಿ ಬದುಕುತ್ತಾರೆ. ಅದಕ್ಕೆ ಒಬ್ಬರ ಹೆಸರಿನಲ್ಲಿ 2,000 ಡಾಲರಿಗಿಂತ ಜಾಸ್ತಿ ಉಳಿತಾಯ ಇರಬಾರದು. ಮದುವೆಯಾದರೆ ಇಬ್ಬರದ್ದೂ ಸೇರಿ 3,000. ನನ್ನ ಸಂಬಳವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಮದುವೆಯಾದರೆ ಅವರ ನೆರವು ನಿಲ್ಲುತ್ತದೆ, ಅದರ ಜತೆ ಬರುವ ಆರೈಕೆಯೂ ಕೈತಪ್ಪಬಹುದು. ಹಕ್ಕು ಸಿಕ್ಕಿದ ಮೇಲೂ ಅದನ್ನು ಬಳಸಿಕೊಳ್ಳಲು ಆಗದೆ ಕೂತಿದ್ದೇವೆ. ಊರಿನಲ್ಲಿ ಮುಂದೆ ಮದುವೆಯ ಕಾನೂನು ಬಂದಾಗ ಈ ಕಡೆಯನ್ನೂ ಯಾರಾದರೂ ನೋಡಬೇಕು.

ಕುರ್ಚಿಸವಾರ_ಹುಬ್ಬಳ್ಳಿ

ನಮ್ಮದೇ ಗೇ ಸಮುದಾಯದ ಬಗ್ಗೆಯೂ ಹೇಳಬೇಕು. 2008ರಿಂದ ಬೆಂಗಳೂರಿನಲ್ಲಿ ನಮ್ಮಂಥವರ ಹೆಮ್ಮೆಯ ಮೆರವಣಿಗೆ, ಪ್ರೈಡ್, ನಡೆಯುತ್ತಿದೆ. ಮೆರವಣಿಗೆಯಲ್ಲಿ ನಾನೂ ಕುರ್ಚಿ ತಳ್ಳಿಕೊಂಡು ಹೋಗಿದ್ದೇನೆ, ಖುಷಿಯಾಗಿತ್ತು. ಆಮೇಲೆ ಪಾರ್ಟಿ ಅಂತ ಕರೆದರು. ಎರಡನೇ ಮಹಡಿ, ಲಿಫ್ಟ್ ಇಲ್ಲ. "ನಾವು ನಾಲ್ಕು ಜನ ಎತ್ತಿಕೊಂಡು ಹೋಗ್ತೀವಿ" ಅಂದರು. ಜಾತ್ರೆಯ ಪಲ್ಲಕ್ಕಿ ಹಾಗೆ ಎತ್ತಿಸಿಕೊಂಡು ಹೋಗಿ ಅಲ್ಲಿ ಯಾರ ಜತೆ ಸಲಿಗೆಯಿಂದ ಮಾತಾಡಲಿ? ವಾಪಸ್ ಬಂದೆ. ನಿಮ್ಮೂರಲ್ಲಿ ಸಭೆ, ಕೂಟ ಏರ್ಪಡಿಸುವವರು ಮೊದಲು ಮೆಟ್ಟಿಲು ಎಣಿಸಿ, ಟಾಯ್ಲೆಟ್ ನೋಡಿ.

ಒಂದು ಸಂತೋಷದ ವಿಷಯವೂ ಇದೆ. ರೈಲಿನಲ್ಲಿ ರಿಯಾಯಿತಿ ಕಾರ್ಡ್ ಇದ್ದರೆ ನನಗೆ ಸ್ಲೀಪರಿನಲ್ಲೂ ಥರ್ಡ್ ಎಸಿಯಲ್ಲೂ ಟಿಕೆಟಿನ ಮುಕ್ಕಾಲು ಪಾಲು ಬಿಡುತ್ತಾರೆ. ಜತೆಗೆ ಬರುವ ಒಬ್ಬರಿಗೂ ಅಷ್ಟೇ. ಆ ಒಬ್ಬರು ಯಾರು ಅಂತ ಯಾರೂ ಕೇಳುವುದಿಲ್ಲ. ನಾವಿಬ್ಬರೂ ಹುಬ್ಬಳ್ಳಿಯಿಂದ ಹೊರಟು ಗೋವಾ, ಮುಂಬೈ ಎಲ್ಲ ನೋಡಿದ್ದೇವೆ.

ಅಡಿಕೆಸಿಪ್ಪೆ

ನಮಸ್ಕಾರ. ತುಂಗಾತೀರ ಬರೆದಿದ್ದು ನನ್ನ ವಿಷಯ. ಲಿಂಕ್ ಅವನೇ ಕಳಿಸಿದ. ಎಲ್ಲವನ್ನೂ ಓದಿದೆ. ನಾನೇ ಬರೆಯೋದು ಸರಿ ಅನಿಸಿತು.

ನಳಿಗೆ ನಾನೇ ಹಾಕಿಕೊಳ್ಳೋಕೆ ಬರತ್ತೆ, ಆಸ್ಪತ್ರೆಯಲ್ಲಿದ್ದಾಗಲೇ ಕಲಿತಿದ್ದೆ. ಮನೆಗೆ ಬಂದ ಮೇಲೆ ಅಮ್ಮ ತಾನೇ ಮಾಡ್ತೀನಿ ಅಂದಳು. ಆ ಮರಕ್ಕೆ ನನ್ನ ಹತ್ತಿಸಿದ್ದು ಅಪ್ಪ. ಆಳು ಸಿಗಲಿಲ್ಲ, ಮಳೆ ಬಿಟ್ಟ ಹೊತ್ತು, ನೀನೇ ಹತ್ತು ಅಂದಿದ್ದರು. ಅಪ್ಪ ಅದನ್ನು ಯಾರ ಹತ್ತಿರವೂ ಆಡಲ್ಲ. ಅಮ್ಮ ನನ್ನ ಸೇವೆ ಮಾಡಿ ಆ ನೋವು ತೀರಿಸಿಕೊಳ್ತಿದ್ದಾಳೆ ಅಂತ ನಂಗೆ ಗೊತ್ತು. ಅದಕ್ಕೆ ಬೇಡ ಅನ್ನಲಿಲ್ಲ. ತುಂಗಾತೀರನಿಗೆ ಅಂಥ ಋಣ ಯಾವುದೂ ಇಲ್ಲ. ಅವನು ನನ್ನ ಹತ್ತಿರ ಬಂದಿದ್ದು ನಾನು ಬೇಕು ಅಂತ. ಅದು ಹಾಗೇ ಇರಲಿ ಅಂತ ನನ್ನ ಆಸೆ.

ನಾನೇನು ಸುಮ್ನೆ ಕೂತಿಲ್ಲ. ಮೂರು ಜನರ ತೋಟದ ಲೆಕ್ಕ, ಜಿಎಸ್‌ಟಿ ಎಲ್ಲ ಮನೆಯಿಂದಲೇ ಮಾಡಿಕೊಡ್ತೀನಿ. ಅಡುಗೆ ಚೆನ್ನಾಗಿ ಬರತ್ತೆ. ಕಟ್ಟೆ ಮಂಡಿ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇದ್ದು, ಕೆಳಗೆ ಕುರ್ಚಿ ಹೋಗುವಷ್ಟು ಜಾಗ ಬಿಟ್ಟರೆ ಆಯ್ತು. ತುಂಗಾತೀರನಿಗೆ ಅನ್ನ ಇಡೋಕೂ ಬರಲ್ಲ. ನಾಳೆ ನಮ್ಮ ಮನೆಯಲ್ಲಿ ಅವನು ಸಂಜೆ ಕೆಲಸದಿಂದ ಬಂದು ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಆಫೀಸಿನ ಕತೆ ಎಲ್ಲ ಹೇಳಲಿ, ನಾನು ಹುಳಿಗೆ ಒಗ್ಗರಣೆ ಹಾಕ್ತೀನಿ. ಈಗ ಊರಿಗೆ ಬಂದಾಗಲೂ ಹೀಗೇ ಮಾಡ್ತಾನೆ. ನಂಗೆ ಬೇಕಾಗಿರೋದು ಈ ದಿನಗಳು.

ಅಮ್ಮನಿಗೆ ನಾನೇ ಹೇಳ್ತೀನಿ. ಅವಳು ನನ್ನ ಅಮ್ಮ. ಯಾವಾಗ ಅನ್ನೋದನ್ನೂ ನಾನೇ ತೀರ್ಮಾನ ಮಾಡ್ತೀನಿ. ತುಂಗಾತೀರ ಅವತ್ತು ಅಲ್ಲಿ ಇರೋದು ಬೇಡ. ಅವಳು ಅಳಬಹುದು, ಬೈಯಬಹುದು, ಅವನ ಮುಂದೆ ಅವಳಿಗೆ ಅದು ಕಷ್ಟ.

ಲಾಪಾಯಿಂಟ್ ಸರ್, ಒಂದು ಪ್ರಶ್ನೆ. ಬಾಡಿಗೆ ಕರಾರು ಅವನ ಹೆಸರಲ್ಲಿ ಮಾಡಿಸೋಣ ಅಂತ ಬ್ರೋಕರ್ ಹೇಳ್ತಿದ್ದಾರೆ. ನಾಳೆ ನಾವಿಬ್ಬರೂ ಜಗಳ ಆಡಿ ಬೇರೆಯಾದರೆ ನನ್ನ ಗತಿ ಏನು?

ತುಂಗಾತೀರ

ದಿನಾ ಬೆಳಿಗ್ಗೆ ಎರಡು ತಾಸು ಬಂದು ಹೋಗುವ ಅಟೆಂಡರ್ ಹುಡುಕೋಣ. ಅವನಿಗೆ ಬೇಡವಾದ ದಿನ ಬೇಡ ಅನ್ನಲಿ. ನನಗೆ ಅನ್ನ ಇಡಲು ಅವನೇ ಕಲಿಸಲಿ.

ಲಾಪಾಯಿಂಟ್

ಅಡಿಕೆಸಿಪ್ಪೆ ಅವರೇ, ಒಳ್ಳೆಯ ಪ್ರಶ್ನೆ. ಇದನ್ನು ಜೋಡಿಗಳು ಜಗಳವಾದ ಮೇಲೆ ಬಂದು ಕೇಳುತ್ತಾರೆ. ಕರಾರಿನಲ್ಲಿ ಇಬ್ಬರ ಹೆಸರೂ ಬಾಡಿಗೆದಾರರು ಅಂತಲೇ ಇರಲಿ. ಒಬ್ಬರು ಬಾಡಿಗೆದಾರ, ಇನ್ನೊಬ್ಬರು "ಜತೆಗಿರುವವರು" ಅಂತ ಬೇಡ. ಅಡ್ವಾನ್ಸಿನಲ್ಲಿ ನಿಮ್ಮ ಪಾಲನ್ನು ನಿಮ್ಮ ಖಾತೆಯಿಂದಲೇ ಮಾಲೀಕರಿಗೆ ಹಾಕಿ, ಅದರ ದಾಖಲೆ ಇಟ್ಟುಕೊಳ್ಳಿ. ಒಬ್ಬರು ಬಿಟ್ಟು ಹೋದರೆ ಇನ್ನೊಬ್ಬರು ಅವಧಿ ಮುಗಿಯುವವರೆಗೆ ಇರಬಹುದು ಅಂತ ಒಂದು ಸಾಲು ಸೇರಿಸಿ. ಇಳಿಜಾರು, ಗೋಡೆಯ ಹಿಡಿಕೆ ಹಾಕಿಸಲು ಮಾಲೀಕರು ಒಪ್ಪಿದ್ದಾರೆ, ಖಾಲಿ ಮಾಡುವಾಗ ಅದಕ್ಕೆ ಅಡ್ವಾನ್ಸ್ ಹಿಡಿಯುವುದಿಲ್ಲ ಅಂತಲೂ ಬರೆಸಿ. 11 ತಿಂಗಳ ಕರಾರು ಆದರೂ ಇಷ್ಟೆಲ್ಲ ಬರೆಸಬಹುದು. ಸಹಿ ಹಾಕುವ ಮುಂಚೆ ಕರಡನ್ನು ನನಗೆ ಕಳಿಸಿ, ನೋಡಿಕೊಡುತ್ತೇನೆ.